ದೋವಿಲ್‌ನ ಐದು ಮಧ್ಯಾಹ್ನಗಳು

ಫ್ರಾನ್ಸಿನ ಉತ್ತರ ಕರಾವಳಿಯಲ್ಲಿ ದೋವಿಲ್ ಎಂಬ ಊರಿದೆ. ದಂಡೆಯುದ್ದಕ್ಕೂ ಮರದ ಹಲಗೆ ಹಾಸಿದ ಕಾಲುದಾರಿ, ಮರಳಿನಲ್ಲಿ ಸಾಲಾಗಿ ನೆಟ್ಟ ಕೆಂಪು, ನೀಲಿ, ಹಳದಿ ಕೊಡೆಗಳು, ಗೋಡೆಯಲ್ಲಿ ಮರದ ಪಟ್ಟಿಗಳು ಎದ್ದು ಕಾಣುವ ದೊಡ್ಡ ದೊಡ್ಡ ಮನೆಗಳು. ಬೆಳಿಗ್ಗೆ ಒದ್ದೆ ಮರಳಿನ ಮೇಲೆ ಕುದುರೆಗಳನ್ನು ಓಡಿಸುತ್ತಾರೆ. ಸಂತೆಯಲ್ಲಿ ಬೆಣ್ಣೆ, ಸೇಬು, ಚಿಪ್ಪುಮೀನು ಸಿಗುತ್ತವೆ. ಆ ಊರನ್ನು ನಾನು ಏನಿಲ್ಲವೆಂದರೂ ಇನ್ನೂರು ಸಲ ಸುತ್ತಿದ್ದೇನೆ. ಹೋಗಿದ್ದು ಮಾತ್ರ ಒಮ್ಮೆಯೂ ಇಲ್ಲ.

ನನ್ನ ಉದ್ಯೋಗವೇ ಅಂಥದು. ಎರಡು ಸಾವಿರದ ಹತ್ತರ ನಂತರದ ಕೆಲವು ವರ್ಷ ನಾನು ದುಬೈಯ ಕರಾಮದಲ್ಲಿ, ಒಂದು ಇಡ್ಲಿ ದೋಸೆಯ ಹೋಟೆಲಿಗೂ ಒಂದು ಸಲೂನಿಗೂ ನಡುವೆ ಸಿಕ್ಕಿಕೊಂಡಿದ್ದ ಟೈಪಿಂಗ್ ಅಂಗಡಿಯಲ್ಲಿದ್ದೆ. ಉಳಿದವರು ಮನೆಬಾಡಿಗೆಯ ಕರಾರು, ಲೇಬರ್ ಕಾರ್ಡು ಎಂದು ಕೀಲಿಮಣೆ ಕುಟ್ಟುತ್ತಿದ್ದರೆ, ನನ್ನ ಪಾಲಿಗೆ ಯುರೋಪಿನ ಪ್ರವಾಸಿ ವೀಸಾದ ಫೈಲುಗಳು ಬಂದಿದ್ದವು. ಅರ್ಜಿ, ಫೋಟೊ, ಸಂಬಳದ ಪತ್ರ, ಬೇಕಾದಾಗ ರದ್ದು ಮಾಡಬಹುದಾದ ಹೋಟೆಲ್ ಬುಕಿಂಗು, ಮತ್ತು ಯಾವ ದಿನ ಎಲ್ಲಿ ಏನು ನೋಡುತ್ತೇವೆ ಎಂಬ ದಿನಚರಿ. ಈ ದಿನಚರಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಕರಾಮದಲ್ಲೇ ಇಲ್ಲ ಎಂಬ ಜಂಬ ನನಗಿತ್ತು. ಬೇರೆಯವರು ‘ಮೂರನೇ ದಿನ: ಬೀಚ್’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ನಾನು ಕಂಪ್ಯೂಟರಿನ ನಕಾಶೆಯಲ್ಲಿ ಬೀದಿಗಿಳಿದು, ಯಾವ ಬೇಕರಿಯ ಮುಂದಿನಿಂದ ಹೋದರೆ ಕಡಲು ಹತ್ತಿರ ಎಂದು ನೋಡಿಕೊಂಡು ಬರೆಯುತ್ತಿದ್ದೆ.

ಬೇಸಿಗೆಯಿಂದ ತಪ್ಪಿಸಿಕೊಳ್ಳಲು ಎಲ್ಲಿಗೆ ಹೋಗೋಣ ಎಂದು ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದದ್ದು ಅದೇ ಊರು. ಆಗಸ್ಟಿನಲ್ಲೂ ಅಲ್ಲಿ ತೆಳು ಸ್ವೆಟರು ಬೇಕು. ಇಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಗೆ ಬಿಡುವು. ಹೊರಗೆ ಬಸ್ ನಿಲ್ದಾಣದ ಬೆಂಚು ಮುಟ್ಟಿದರೆ ಕೈ ಸುಡುತ್ತಿತ್ತು. ಶಟರನ್ನು ಅರ್ಧ ಇಳಿಸಿ, ಊಟದ ಡಬ್ಬಿ ತೊಳೆದಿಟ್ಟು, ಎಸಿಯ ಗುಯ್‌ಗುಟ್ಟುವಿಕೆಯಲ್ಲಿ ನಾನು ಹಲಗೆ ದಾರಿಯ ಮೇಲೆ ನಡೆಯುತ್ತಿದ್ದೆ. ಕುಂದಾಪುರದ ಕಡಲ ಬದಿಯಲ್ಲಿ ಹುಟ್ಟಿದವನು ನಾನು. ನಮಗೆ ಸಮುದ್ರವೆಂದರೆ ಮೀನು, ದೋಣಿ, ಮಳೆಗಾಲದಲ್ಲಿ ದಡ ಕೊರೆಯುವ ಗೋಳು. ಅದರ ಎದುರು ಸುಮ್ಮನೆ ಕುರ್ಚಿ ಹಾಕಿ ಕೂರುವುದಕ್ಕೆಂದೇ ಒಂದು ಊರು ಕಟ್ಟಿದ್ದಾರೆ ಎಂಬುದೇ ನನಗೆ ಬೆರಗು. ಎಷ್ಟೋ ಸಲ ಕಣ್ಣು ಮುಚ್ಚಿ, ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಹೊತ್ತಿನಲ್ಲಿ, ಆ ಕೊಡೆಗಳ ಬಟ್ಟೆ ಗಾಳಿಗೆ ಪಟಪಟ ಎನ್ನುವುದು ನನಗೆ ಕೇಳಿಸಿದೆ.

ಒಂದು ಜುಲೈ ತಿಂಗಳಲ್ಲಿ ಬಾಯಮ್ಮ ಬಂದರು. ನಮ್ಮ ಕಡೆ ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸರನ್ನು ಹಾಗೆ ಕರೆಯುವುದು ರೂಢಿ. ಅರವತ್ತರ ಹತ್ತಿರದ ವಯಸ್ಸು, ಮಂಗಳೂರಿನ ಕಡೆಯವರು. ಹರೆಯದಲ್ಲೇ ಬಂದು ಅಬುಧಾಬಿಯ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು. ಮೊದಲಿದ್ದದ್ದು ಒಬ್ಬ ಫ್ರೆಂಚ್ ಇಂಜಿನಿಯರನ ಮನೆಯಲ್ಲಿ. ಆ ಮನೆಯ ಹುಡುಗಿಯನ್ನು ಮೂರು ತಿಂಗಳ ಕೂಸಿನಿಂದ ಹದಿನಾರು ವರ್ಷದವರೆಗೆ ಸಾಕಿದ್ದರು. ಆಮೇಲೆ ಅವರು ದೇಶಕ್ಕೆ ಮರಳಿದರು, ಬಾಯಮ್ಮ ಇನ್ನೊಂದು ಮನೆ ಸೇರಿದರು. ಈಗ ಆ ಹುಡುಗಿಗೆ ಮದುವೆ.

“ಅವಳ ಅಜ್ಜಿಯ ಮನೆ ಇರುವ ಊರಿನಲ್ಲಿ ಅಂತೆ. ದೋವಿಲ್ ಅಂತ. ನಿಮಗೆ ಗೊತ್ತುಂಟಾ?” ಎಂದು ಕೇಳಿದರು.

ನನಗೆ ಗೊತ್ತುಂಟೇ ಎಂದು ಕೇಳುತ್ತಾರಲ್ಲ ಎಂದು ಒಳಗೊಳಗೇ ಬೀಗಿದೆ. ರೈಲು ನಿಲ್ದಾಣದಿಂದ ಶುರುಮಾಡಿ ಕುದುರೆಗಳವರೆಗೆ ಅರ್ಧ ಗಂಟೆ ಹೇಳಿದೆ. ಅವರು ಮರ್ಯಾದೆಗೆ ಕೇಳಿಸಿಕೊಂಡರು. ಅವರ ಮನಸ್ಸಿದ್ದದ್ದು ಬೇರೆ ಕಡೆ.

“ಮದುವೆಯ ಹಿಂದಿನ ದಿನ ರೋಸ್ ಹಾಕ್ಲಿಕ್ಕುಂಟು,” ಎಂದರು. “ಅದು ನಾನೇ ಹಾಕಬೇಕು ಅಂತ ಅವಳು ಎಂಟು ವರ್ಷದವಳು ಇರುವಾಗಲೇ ಮಾತು ತಕೊಂಡಿದ್ದಾಳೆ. ಅಷ್ಟು ಆದ್ರೆ ಸಾಕು ನನಗೆ.”

ರೋಸ್ ಎಂದರೆ ಅವರಲ್ಲಿ ಮದುವೆಯ ಮುನ್ನಾದಿನ ಹಿರಿಯರು ತಲೆಗೆ ತೆಂಗಿನ ಹಾಲು ಹಾಕಿ ಹರಸುವ ಶಾಸ್ತ್ರ. ಅಬುಧಾಬಿಯಲ್ಲಿ ಯಾರದೋ ಮನೆಯ ರೋಸಿಗೆ ಬಾಯಮ್ಮ ಆ ಹುಡುಗಿಯನ್ನು ಕರೆದುಕೊಂಡು ಹೋಗಿದ್ದರಂತೆ. ಹಾಲು ಸುರಿಸಿಕೊಂಡು ನಗುತ್ತಿದ್ದ ಮದುಮಗಳನ್ನು ಕಂಡು ನನಗೂ ಬೇಕು ಎಂದು ಹಟ ಹಿಡಿದಿದ್ದಳಂತೆ.

ಅವರು ಕೊಟ್ಟ ಲಕೋಟೆಯಲ್ಲಿ ಪಾಸ್‌ಪೋರ್ಟು, ಮನೆಯೊಡತಿಯ ಪತ್ರ, ಮತ್ತು ಹುಡುಗಿ ಕೊರಿಯರಿನಲ್ಲಿ ಕಳಿಸಿದ ಒಂದು ಕಾಗದ ಇತ್ತು. ಫ್ರೆಂಚ್ ಭಾಷೆಯಲ್ಲಿದ್ದ ಮುದ್ರಿತ ನಮೂನೆ, ಮೇಲೆ ದುಂಡು ಮೊಹರು. ನನಗೆ ಫ್ರೆಂಚ್ ಓದಲು ಬರುವುದಿಲ್ಲ. ನಮ್ಮ ಅಂಗಡಿಯ ಗಿರಾಕಿಗಳಿಗೆ ಫ್ರಾನ್ಸಿನಲ್ಲಿ ಯಾರಿದ್ದಾರೆ? ಎಲ್ಲರೂ ಹೋಟೆಲಿನಲ್ಲಿ ಇಳಿಯುವವರೇ. ಆ ಕಾಗದವನ್ನು ಯಾವುದೋ ಮದುವೆ ನೋಂದಣಿಯದ್ದೆಂದುಕೊಂಡು ಡ್ರಾಯರಿಗೆ ಹಾಕಿದೆ. ಮದುವೆ, ಮನೆ ಎಂದೆಲ್ಲ ಬರೆದರೆ ಈ ವಯಸ್ಸಿನ ಆಯಾ ಅಲ್ಲೇ ಕೆಲಸಕ್ಕೆ ನಿಂತುಬಿಡುತ್ತಾಳೆಂದು ಅನುಮಾನಿಸುತ್ತಾರೆ ಎಂಬುದು ನನ್ನ ಅತಿಬುದ್ಧಿ. ಬಾಯಮ್ಮನನ್ನು ಅಪ್ಪಟ ಪ್ರವಾಸಿಯನ್ನಾಗಿ ಮಾಡಿದೆ. ನಿಲ್ದಾಣದ ಹತ್ತಿರದ ಹೋಟೆಲು, ಎಂಟು ದಿನದ ದಿನಚರಿ. ಬರೆದು ಮುಗಿಸಿದಾಗ ಓದಲು ಬಹಳ ಚೆನ್ನಾಗಿತ್ತು.

“ಎಲ್ಲಿ ಉಳಿಯುತ್ತೀರಿ ಎಂದು ಕೇಳಿದರೆ ಹೋಟೆಲ್ ಎಂದು ಹೇಳಿ,” ಎಂದು ಕಲಿಸಿಯೂ ಕೊಟ್ಟೆ.

ಎರಡು ವಾರ ಕಳೆದ ಮೇಲೆ ವೀಸಾ ಕಚೇರಿಯವರು ಬಾಯಮ್ಮನಿಗೆ ಫೋನ್ ಮಾಡಿ ಅದನ್ನೇ ಕೇಳಿದರು. ಬಾಯಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ನನ್ನ ಹುಡುಗಿಯ ಮನೆಯಲ್ಲಿ. ಫೈಲಿನಲ್ಲಿ ಹೋಟೆಲು, ಬಾಯಲ್ಲಿ ಮನೆ. ಅರ್ಜಿ ತಿರಸ್ಕೃತವಾಯಿತು. ಉಳಿಯುವ ಜಾಗದ ವಿವರ ನಂಬುವಂತಿಲ್ಲ ಎಂದು ಕಾರಣ ಕೊಟ್ಟಿದ್ದರು. ಮತ್ತೆ ಅರ್ಜಿ ಹಾಕೋಣವೆಂದರೆ ಮದುವೆಗೆ ಮೊದಲು ಸಂದರ್ಶನಕ್ಕೆ ಒಂದು ದಿನವೂ ಖಾಲಿ ಇರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ನನಗೆ ಸಿಟ್ಟು ನೆತ್ತಿಗೇರಿತು.

“ಒಂದು ಮಾತು ಹೇಳಲಿಕ್ಕೆ ಆಗಲಿಲ್ಲವಲ್ಲ ಬಾಯಮ್ಮ. ನಿಮ್ಮ ಬಾಯಿಂದಲೇ ಹಾಳಾಯಿತು,” ಎಂದು ಬೈದೆ.

ಅವರು ಫೋನಿನಲ್ಲೇ ನನ್ನ ಕ್ಷಮೆ ಕೇಳಿದರು. ನಿಮಗೆ ಅಷ್ಟು ತೊಂದರೆ ಕೊಟ್ಟೆ ಎಂದರು. ನಾನು ದೊಡ್ಡಮನಸ್ಸು ಮಾಡಿ ಪರವಾಗಿಲ್ಲ ಎಂದೆ. ಆ ಪರವಾಗಿಲ್ಲ ನೆನಪಾದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಹೊರಡಬೇಕಾಗಿದ್ದ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಬಾಯಮ್ಮನ ಫೋನ್ ಬಂತು. ಅವರ ಮನೆಯವರು ರಜೆಗೆ ಲಂಡನ್ನಿಗೆ ಹೋಗಿದ್ದರು. ಇವರಿಗೂ ಹದಿನೈದು ದಿನ ರಜೆ ಮೊದಲೇ ಕೊಟ್ಟಾಗಿತ್ತು. ಖಾಲಿ ವಿಲ್ಲಾದ ಹಿಂದಿನ ಕೋಣೆಯಲ್ಲಿ ಕಟ್ಟಿಟ್ಟ ಸೂಟ್‌ಕೇಸಿನ ಜೊತೆ ಒಬ್ಬರೇ ಕೂತಿದ್ದರು.

“ಇವತ್ತು ನಾವು ಎಲ್ಲಿಗೆ ಹೋಗುದು?” ಎಂದು ಕೇಳಿದರು.

ನನಗೆ ಮೊದಲು ಅರ್ಥವಾಗಲಿಲ್ಲ.

“ನೀವು ಬರೆದದ್ದುಂಟಲ್ಲ, ದಿನ ದಿನಕ್ಕೆ. ನನಗೆ ಇಂಗ್ಲಿಷ್ ಅಷ್ಟು ಓದ್ಲಿಕ್ಕೆ ಬರುದಿಲ್ಲ. ಸ್ವಲ್ಪ ಹೇಳಿ ಮಾರ್ರೆ. ಸುಮ್ಮನೆ ಕೂತು ತಲೆ ಕೆಡ್ತದೆ.”

ಫೈಲಿನ ಪ್ರತಿ ತೆಗೆದು ಓದತೊಡಗಿದೆ. ಪ್ಯಾರಿಸಿನಿಂದ ಎರಡು ಗಂಟೆಯ ರೈಲು. ಕಿಟಕಿಯಾಚೆ ಹಸಿರು, ಅದರಲ್ಲಿ ಮಚ್ಚೆಮಚ್ಚೆಯ ದನಗಳು. ನಿಲ್ದಾಣದಿಂದ ಹೊರಬಂದರೆ ಗಾಳಿಗೆ ಉಪ್ಪಿನ ವಾಸನೆ. ಬರೆದದ್ದನ್ನು ಬಿಟ್ಟು ನನಗೇ ತೋಚಿದ್ದನ್ನೆಲ್ಲ ಹೇಳುತ್ತಾ ಹೋದೆ. ನಾವಿಬ್ಬರೂ ನಿಧಾನವಾಗಿ ನಡೆದೆವು. ಅವರ ಮೊಣಕಾಲು ನೋವೆಂದು ದಾರಿಯಲ್ಲಿ ಎರಡು ಕಡೆ ಬೆಂಚಿನಲ್ಲಿ ಕೂರಿಸಿದೆ.

“ಹೋಟೆಲಿನ ರೂಮಿನಲ್ಲಿ ಹಾಸಿಗೆ ನಾವೇ ಸರಿ ಮಾಡ್ಬೇಕಾ?” ಎಂದು ಕೇಳಿದರು.

“ಬೇಡ. ಅದಕ್ಕೆ ಜನ ಇರುತ್ತಾರೆ.”

“ಮತ್ತೆ ನಾನು ಬೆಳಿಗ್ಗೆ ಎದ್ದು ಎಂತ ಮಾಡುದು?”

ಬುಧವಾರವೂ ಮೂರು ಗಂಟೆಗೆ ಫೋನ್ ಬಂತು. ಆ ದಿನ ಹಲಗೆ ದಾರಿಯ ಈ ತುದಿಯಿಂದ ಆ ತುದಿಗೆ ಹೋದೆವು. ಸೊಂಟಕ್ಕೆ ಹಗ್ಗ ಕಟ್ಟಿ ಮುಚ್ಚಿಟ್ಟ ಕೊಡೆಗಳ ಬಗ್ಗೆ ಹೇಳಿದೆ; ಸೀರೆ ಎತ್ತಿ ಕಟ್ಟಿದ ಹೆಂಗಸರ ಸಾಲಿನ ಹಾಗೆಯೋ ಎಂದರು. ಬೆಳಿಗ್ಗೆ ಕಡಲಿಗಿಳಿದು ಕಾಲು ನೆನೆಸುವುದೆಂದು ಬರೆದಿದ್ದೆ. ನೀರು ತಣ್ಣಗಿರುತ್ತದಾ ಎಂದರು, ಇರುತ್ತದೆ ಎಂದೆ. ಅವರ ಕೋಣೆಯ ಎಸಿಯ ಸದ್ದು ನನಗೂ ನನ್ನ ಅಂಗಡಿಯದು ಅವರಿಗೂ ಕೇಳಿಸುತ್ತಿತ್ತು. ಅದು ಸಮುದ್ರದ್ದೇ ಎಂದು ನಂಬುವುದು ಕಷ್ಟವಿರಲಿಲ್ಲ. ನನಗೆ ಸಂತೋಷವಾಗಿತ್ತು ಎಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೆ ಆಗಿತ್ತು. ಇಷ್ಟು ವರ್ಷ ಆ ಊರನ್ನು ಒಬ್ಬನೇ ಸುತ್ತಿದ್ದವನಿಗೆ ಜೊತೆ ಸಿಕ್ಕಿತ್ತು.

ಗುರುವಾರ ಸಂತೆ ಸುತ್ತಿ ಮುಗಿದ ಮೇಲೆ ಅವರು ಹೇಳಿದರು: “ಬಾಯ್ ಕಳಿಸಿದ ಕಾಗದ ನಿಮ್ಮ ಹತ್ರ ಉಂಟಲ್ಲ. ಅದು ನನಗೆ ವಾಪಸು ಬೇಕು. ಅವಳ ಸೈನ್ ಉಂಟು ಅದರಲ್ಲಿ.” ಬಾಯ್ ಎಂದರೆ ಕೊಂಕಣಿಯಲ್ಲಿ ಮಗಳನ್ನು ಮುದ್ದಿನಿಂದ ಕರೆಯುವ ಮಾತು. ಹುಡುಗಿ ಎರಡು ದಿನದಿಂದ ಫೋನ್ ಎತ್ತುತ್ತಿಲ್ಲ ಎಂದೂ ಆಗಲೇ ಹೇಳಿದರು. “ಅವಳಿಗೆ ಬೇಜಾರು. ಆ ಕಾಗದ ಇದ್ರೆ ವೀಸಾ ಆಗಿಯೇ ಆಗ್ತದೆ ಅಂತ ಹೇಳಿದ್ಲು. ನನಗೇ ಬರ್ಲಿಕ್ಕೆ ಮನಸ್ಸಿಲ್ಲ ಅಂತ ತಿಳ್ಕೊಂಡಿದ್ದಾಳೆ.”

ಡ್ರಾಯರಿನಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟೆ. ನಾಲ್ಕು ಗಂಟೆಗೆ ಶಟರ್ ಎತ್ತಿದಾಗ ಪಕ್ಕದ ಸಲೂನಿನ ಟ್ಯುನೀಷಿಯದವನು ಚಹಾ ಹಿಡಿದುಕೊಂಡು ಬಂದ. ಅವನಿಗೆ ಫ್ರೆಂಚ್ ಚೆನ್ನಾಗಿ ಬರುತ್ತಿತ್ತು. ಕಾಗದ ಎತ್ತಿ ಓದಿದ.

“ಯೇ ಮೇಯರ್ ಕಾ ಆಫೀಸ್ ಕಾ ಪೇಪರ್,” ಎಂದ. “ಹೋಟೆಲ್ ಮಾಫಿ. ಘರ್ ಮೌಜೂದ್. ಖಲಾಸ್.”

ಅಂದರೆ, ಹೋಟೆಲ್ ಬೇಡ, ಮನೆ ಇದೆ, ಮುಗಿಯಿತು; ಇವರನ್ನು ನಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ ಎಂದು ಹುಡುಗಿ ಊರಿನ ಪುರಸಭೆಗೆ ಹೋಗಿ, ಮೊಹರು ಹಾಕಿಸಿ ಕಳಿಸಿದ ಕಾಗದ ಅದು. ಅದೊಂದನ್ನು ಫೈಲಿನ ಮೇಲಿಟ್ಟಿದ್ದರೆ ಹೋಟೆಲೂ ಬೇಡವಾಗಿತ್ತು, ನನ್ನ ಸಾಹಿತ್ಯವೂ ಬೇಡವಾಗಿತ್ತು. ಬಾಯಮ್ಮ ಫೋನಿನಲ್ಲಿ ಹೇಳಿದ ನಿಜಕ್ಕೆ ಆ ಕಾಗದವೇ ಸಾಕ್ಷಿಯಾಗುತ್ತಿತ್ತು. ಅವರ ನಿಜವನ್ನು ಸುಳ್ಳು ಮಾಡಿದವನು ನಾನು. ಮೇಲಿಂದ ಬೈದವನೂ ನಾನೇ.

ಸಲೂನಿನವನು ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟು, ಸಂಬಂಧ ಏನು ಎಂದು ಕೇಳಿದ ಕಡೆ ಹುಡುಗಿ ಬರೆದದ್ದನ್ನೂ ಓದಿ ಹೇಳಿದ. ಅದನ್ನು ಕೇಳಿದ ಮೇಲೆ ಆ ದಿನ ನನ್ನಿಂದ ಕೆಲಸ ಆಗಲಿಲ್ಲ.

ಶುಕ್ರವಾರ ಅಂಗಡಿಗೆ ರಜೆ. ಮೂರು ಗಂಟೆಗೆ ನಾನು ಕೋಣೆಯ ಮಂಚದ ಮೇಲೆ ಫೋನನ್ನೇ ನೋಡುತ್ತಾ ಕೂತಿದ್ದೆ. ಹೇಳಿಬಿಡಬೇಕೆಂದು ತೀರ್ಮಾನಿಸಿದ್ದೆ. ಆದರೆ ಬಾಯಮ್ಮ ಬಾಯಿ ತೆರೆಯಲು ಬಿಡಲಿಲ್ಲ.

“ಇವತ್ತು ನಿಮ್ಮ ಊರು ಬೇಡ,” ಎಂದರು. “ಇವತ್ತು ರೋಸ್. ನಾನು ಹೇಳ್ತೇನೆ, ನೀವು ಕೇಳಿ.”

ಅವರು ಹೇಳಿದರು. ಎರಡು ಕಾಯಿ ತುರಿದು ಮೊದಲ ಹಾಲು ಬೇರೆ ತೆಗೆದಿಡಬೇಕು. ಹುಡುಗಿಯನ್ನು ತಗ್ಗು ಮಣೆಯ ಮೇಲೆ ಕೂರಿಸಬೇಕು. ಹಳೆ ಬಟ್ಟೆ ಉಡಿಸಬೇಕು, ಕಲೆಯಾದರೆ ಹೋಗುವುದಿಲ್ಲ. ಮೊದಲು ಹೆಬ್ಬೆರಳಿಂದ ಹಣೆಗೆ ಎಣ್ಣೆಯ ಶಿಲುಬೆ, ಆಮೇಲೆ ಹಾಲು. ಅವಳ ಕೂದಲು ಬಹಳ ತೆಳು, ಚಿಕ್ಕವಳಿರುವಾಗ ದಿನಾ ಎಣ್ಣೆ ಹಾಕಿ ಬಾಚಿದರೂ ನಿಲ್ಲುತ್ತಿರಲಿಲ್ಲ. ಹಾಲು ಕಿವಿಗೆ ಹೋಗದ ಹಾಗೆ ಕೈ ಅಡ್ಡ ಹಿಡಿಯಬೇಕು. ಹೇಳುತ್ತಾ ಅವರ ಸ್ವರ ಸಣ್ಣದಾಯಿತು. ಕೊನೆಗೆ, “ನನ್ನ ಬಾಯಿಂದ ಆಯ್ತಲ್ಲ ಇದು,” ಎಂದು ಅತ್ತರು. ನಾನು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಅಳುವವರಿಗೆ ಇದನ್ನು ಫೋನಿನಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಎದುರು ನಿಂತು ಹೇಳಬೇಕೆಂದುಕೊಂಡೆ.

ಮರುದಿನ ಅಂಗಡಿಗೆ ರಜೆ ಹಾಕಿ ಅಬುಧಾಬಿಯ ಬಸ್ಸು ಹತ್ತಿದೆ. ಹೆಣ್ಣೊಬ್ಬಳೇ ಇರುವ ವಿಲ್ಲಾಕ್ಕೆ ಹೋಗುವ ಹಾಗಿಲ್ಲ. ಅಲ್ ಮೀನಾದ ಮೀನು ಮಾರುಕಟ್ಟೆಯ ಪಕ್ಕ ಒಂದು ಕೆಫೆಟೇರಿಯಾ ಇದೆ, ಅಲ್ಲಿಗೆ ಬನ್ನಿ ಎಂದು ಬಾಯಮ್ಮ ಫೋನಿನಲ್ಲಿ ಹೇಳಿದ್ದರು. ಬಂಗುಡೆ ತುಂಬಿದ ಚೀಲ ಕಾಲ ಬಳಿ ಇಟ್ಟುಕೊಂಡು ಕೂತಿದ್ದರು. ನಾನು ಚಹಾ ಹೇಳಿ, ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟು, ಒಂದನ್ನೂ ಬಿಡದೆ ಹೇಳಿದೆ.

ಅವರು ಕಾಗದವನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು.

“ಹಾಗಾದ್ರೆ ನಾನು ಹೇಳಿದ್ದು ಸರಿಯಾ?”

“ಸರಿ.”

“ನೀವು ನನಗೆ ಬೈದದ್ದು?”

“ತಪ್ಪು.”

“ಮೂರು ದಿನ ಕತೆ ಹೇಳಿದಿರಲ್ಲ, ಆಗ ಗೊತ್ತಿತ್ತಾ ನಿಮಗೆ?”

“ಗುರುವಾರ ಸಂಜೆ ಗೊತ್ತಾಯಿತು. ನಿನ್ನೆ ಗೊತ್ತಿತ್ತು.”

ನಿನ್ನೆ ಎಂದಾಗ ಅವರು ಮುಖ ತಿರುಗಿಸಿದರು. ಅಲ್ಲಿಂದ ಎದ್ದು ಹೋಗಿದ್ದರೆ ನಾನು ತಡೆಯುತ್ತಿರಲಿಲ್ಲ. ಹೋಗಲಿಲ್ಲ. ಸೆರಗಿನಿಂದ ಕಣ್ಣೊರಸಿಕೊಂಡು ಕೇಳಿದರು: “ಇದರಲ್ಲಿ ಅವಳು ಎಂತ ಬರ್ದಿದ್ದಾಳೆ?”

“ನೀವು ಅವರಿಗೆ ಏನಾಗಬೇಕು ಎಂದು ಪುರಸಭೆಯವರು ಕೇಳಿದ್ದಾರೆ. ‘ನನ್ನನ್ನು ಬೆಳೆಸಿದವರು’ ಎಂದು ನಿಮ್ಮ ಹುಡುಗಿ ಬರೆದಿದ್ದಾರೆ.”

ಬಾಯಮ್ಮ ತಮ್ಮ ಫೋನನ್ನು ನನ್ನ ಕಡೆ ತಳ್ಳಿದರು. “ಫೋನ್ ಮಾಡಿ. ನೀವೇ ಹೇಳಿ ಅವಳಿಗೆ. ನಾನು ಮನಸ್ಸಿಲ್ಲದೆ ಬಾರದೆ ಇದ್ದದ್ದಲ್ಲ ಅಂತ. ಇನ್ನು ಸ್ವಲ್ಪ ಹೊತ್ತಿನಲ್ಲಿ ಇಗರ್ಜಿಗೆ ಹೋಗ್ತಾಳೆ. ಅದಕ್ಕೆ ಮೊದಲು ಹೇಳಿ.”

ವೀಡಿಯೊ ಕರೆ ಎರಡು ಸಲ ಹೋಗಿ ನಿಂತಿತು. ಮೂರನೆಯ ಸಲ ಎತ್ತಿದಳು. ಬಿಳಿ ಉಡುಪು, ಕೂದಲಲ್ಲಿ ಸಣ್ಣ ಹೂಗಳು. ಫೋಟೊ ತೆಗೆಸಲು ದಂಡೆಗೆ ಬಂದಿದ್ದರೇನೋ, ಹಿಂದೆ ಯಾರೋ ಅವಳ ಉಡುಪಿನ ಅಂಚು ಎತ್ತಿ ಹಿಡಿದಿದ್ದರು. ಗುರುತಿಲ್ಲದ ಗಂಡಸಿನ ಮುಖ ಕಂಡು ಗಾಬರಿಯಾದಳು. ನಾನು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ: ಇವರ ಫೈಲು ಮಾಡಿದವನು ನಾನು, ನಿಮ್ಮ ಕಾಗದ ನನಗೆ ಓದಲು ಬರಲಿಲ್ಲ, ಕೇಳಲೂ ಇಲ್ಲ, ಸುಳ್ಳು ಹೋಟೆಲು ಬರೆದೆ, ಇವರು ನಿಜ ಹೇಳಿದರು, ವೀಸಾ ಹೋದದ್ದು ನನ್ನಿಂದ. ಅವಳು ಬೆರಳ ತುದಿಯಿಂದ ಕಣ್ಣೊತ್ತಿಕೊಂಡಳು.

“ಅವರಿಗೆ ಕೊಡಿ,” ಎಂದಳು.

ಫೋನ್ ಕೈಗೆ ಹೋದ ಕೂಡಲೇ ಅವಳು ಮಾತಾಡಿದ್ದು ಕೊಂಕಣಿ. ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ಕೇಳುವಂಥ, ಎಲ್ಲೂ ತಡವರಿಸದ ಕೊಂಕಣಿ. ನನಗೆ ಮುಕ್ಕಾಲು ಪಾಲು ಅರ್ಥವಾಯಿತು. ನಿನ್ನೆ ಅಂಗಡಿಯಿಂದ ಡಬ್ಬಿಯ ತೆಂಗಿನ ಹಾಲು ತಂದು, ಬಚ್ಚಲಿನಲ್ಲಿ ಒಬ್ಬಳೇ ಕೂತು, ತನ್ನ ತಲೆಗೆ ತಾನೇ ಸುರಿದುಕೊಂಡಳಂತೆ. ನೀವು ಬರುವುದಿಲ್ಲವೆಂದು ಸಿಟ್ಟಿನಿಂದ, ಅಳುತ್ತಾ ಸುರಿದುಕೊಂಡೆ ಎಂದಳು. ಬಾಯಮ್ಮ ಒಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಆಮೇಲೆ ಕೇಳಿದ ಮೊದಲ ಮಾತು, ಡಬ್ಬಿಯ ಹಾಲು ಕೂದಲಿಗೆ ಹಿಡಿಯುತ್ತದೆ, ಸರಿಯಾಗಿ ತೊಳೆದೆಯಾ ಎಂದು. ಫೋನಿನ ಪರದೆಯ ಮೇಲೆ ಮದುಮಗಳು ಮೂಗು ಒರೆಸಿಕೊಂಡು ನಕ್ಕಳು.

ನಾನು ಬಾಯಮ್ಮನ ಹೆಗಲ ಹಿಂದಿನಿಂದ ನೋಡುತ್ತಿದ್ದೆ. ನನ್ನ ದೋವಿಲ್ ಅಲ್ಲಿತ್ತು. ಕೊಡೆಗಳು ಇದ್ದವು, ನಾನು ಹೇಳಿದ ಬಣ್ಣಗಳೇ. ಆದರೆ ಹುಡುಗಿಯ ಹಿಂದೆ ಸಮುದ್ರವೇ ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ಬೂದು ಮರಳು, ಅಲ್ಲಲ್ಲಿ ನಿಂತ ನೀರು, ಅಷ್ಟೇ. ಬಾಯಮ್ಮನೂ ಅದನ್ನೇ ಕೇಳಿದರು. “ಸಾಂಜೆರ್ ಯೆತಾ,” ಎಂದಳು ಅವಳು, ಸಂಜೆಗೆ ಬರುತ್ತದೆ ಎಂದು. ಇಳಿತದಲ್ಲಿ ಅಲ್ಲಿ ಕಡಲು ಅಷ್ಟು ದೂರ ಹೋಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಎಷ್ಟು ಜನರಿಗೆ ಬೆಳಿಗ್ಗೆ ಕಾಲು ನೆನೆಸಲು ಬರೆದುಕೊಟ್ಟಿದ್ದೆನೋ. ಅವರಿಬ್ಬರ ಮಾತು ಮುಗಿಯುವವರೆಗೆ ನಾನು ಹೊರಗೆ, ನೆರಳ ಬದಿಯಲ್ಲಿ ನಿಂತಿದ್ದೆ.

ಹೊರಡುವಾಗ ಬಾಯಮ್ಮ ನನ್ನನ್ನು ಕ್ಷಮಿಸಿದೆ ಎಂದು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ರೋಸ್ ಮದುವೆಗೆ ಮೊದಲು ಆಗಬೇಕಾದದ್ದು, ಮತ್ತೆ ಹಾಕಲು ಬರುವುದಿಲ್ಲ. ಅದು ನನ್ನಿಂದ ಆದ ನಷ್ಟ, ಯಾವ ಫೈಲಿನಿಂದಲೂ ತುಂಬಿಕೊಡಲಾಗದ್ದು. ಆಮೇಲೆ ಮಧ್ಯಾಹ್ನದ ಫೋನುಗಳೂ ಬರಲಿಲ್ಲ.

ನವೆಂಬರಿನಲ್ಲಿ ಒಂದು ದಿನ ಅವರೇ ಅಂಗಡಿಗೆ ಬಂದರು. ಕೈಯಲ್ಲಿ ಅದೇ ನಮೂನೆಯ ಹೊಸ ಕಾಗದ, ಹೊಸ ಮೊಹರು. ಎದುರಿನ ಕುರ್ಚಿಯಲ್ಲಿ ಕೂತು, “ಈ ಸಲ ನಾನು ಹೇಳಿದ್ದು ಬರೀರಿ. ನಿಮ್ಮದು ಬೇಡ,” ಎಂದರು. ನಾನು ಕಾಗದವನ್ನು ಎಲ್ಲಕ್ಕಿಂತ ಮೇಲಿಟ್ಟೆ. ಪತ್ರ ಮೂರು ಸಾಲಿನಲ್ಲಿ ಮುಗಿಯಿತು.

“ದಿನಚರಿ?” ಎಂದು ಕೇಳಿದೆ. “ಏಳು ದಿನಕ್ಕೆ ಏನಾದರೂ ಬರೆಯಬೇಕಲ್ಲ ಬಾಯಮ್ಮ.”

ಅವರು ಸ್ವಲ್ಪ ಯೋಚಿಸಿದರು.

“ಸೋಮವಾರ, ಅವಳ ತಲೆಗೆ ಎಣ್ಣೆ ಹಾಕಿ ಬಾಚುದು,” ಎಂದರು. “ಮಂಗಳವಾರ, ಅವಳ ತಲೆಗೆ ಎಣ್ಣೆ ಹಾಕಿ ಬಾಚುದು. ಬುಧವಾರ ಸಹ ಅದೇ.”

ನಾನು ತಲೆಯೆತ್ತದೆ ಇಂಗ್ಲಿಷಿನಲ್ಲಿ ಟೈಪು ಮಾಡಿದೆ. ಏಳು ದಿನ, ಏಳು ಸಾಲು, ಎಲ್ಲ ಒಂದೇ. ಒಂದಕ್ಷರವನ್ನೂ ಚೆಂದ ಮಾಡಲಿಲ್ಲ. ವೀಸಾ ಆಯಿತು.